‘ತಿಳಿಯದು’ ಮತ್ತು ‘ಇಲ್ಲ’: ದತ್ತಾಂಶದ ಬಗೆ ಹಾಗೂ ಕನ್ನಡ ಸಂಶೋಧನೆಯ ಹೊಣೆ

ಶಾಸನವೊಂದರ ಕಾಲವನ್ನು ಕುರಿತು ಬರೆಯುವಾಗ ವಿದ್ವಾಂಸರು ‘ಸುಮಾರು’ ಎಂಬ ಮಾತನ್ನು ಎಚ್ಚರದಿಂದ ಬಳಸುತ್ತಾರೆ. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450 ಎನ್ನುವಲ್ಲಿ ಆ ಒಂದು ಮಾತು ಒಂದು ವಾದಪರಂಪರೆಯನ್ನೇ ಹೊತ್ತು ನಿಂತಿದೆ. ಶಾಸನದಲ್ಲಿ ಶಕವರ್ಷ ಉಕ್ತವಾಗಿಲ್ಲ. ಲಿಪಿ, ಭಾಷೆ ಮತ್ತು ಉಲ್ಲೇಖಿತ ವ್ಯಕ್ತಿಗಳ ಆಧಾರದಿಂದ ಕಾಲವನ್ನು ಊಹಿಸಲಾಗಿದೆ. ಆ ಊಹೆಯ ವಿಚಾರದಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಇಷ್ಟನ್ನೂ ‘ಸುಮಾರು’ ಎಂಬ ಮಾತು ಓದುಗನಿಗೆ ತಿಳಿಸುತ್ತದೆ. ಇದೇ ಮಾಹಿತಿ ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಸಾಗುವಾಗ ಆ ಮಾತು ಏನಾಗುತ್ತದೆ? ಕನ್ನಡದ ಶಾಸನಗಳು, ಹಸ್ತಪ್ರತಿಗಳು, ಗ್ರಂಥಸೂಚಿಗಳು ಜಾಲಕ್ಕೆ ಏರುತ್ತಿರುವ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ತಂತ್ರಜ್ಞರ ಪಾಲಿಗೆ ಬಿಟ್ಟು ಸುಮ್ಮನಿರುವುದು ಸಂಶೋಧನೆಯ ಹೊಣೆಯಿಂದ ನುಣುಚಿಕೊಂಡಂತೆ ಎಂಬುದು ಪ್ರಸ್ತುತ ಬರಹದ ನಿಲುವು.

ಮೊದಲಿಗೆ ವಿಷಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜಾಲತಾಣವನ್ನು ಮನುಷ್ಯರು ಓದುತ್ತಾರೆ. ಜಾಲಸೇವೆಯನ್ನು ಯಂತ್ರಗಳು ಓದುತ್ತವೆ. ಒಂದು ತಂತ್ರಾಂಶ ಇನ್ನೊಂದು ತಂತ್ರಾಂಶದಿಂದ ಮಾಹಿತಿಯನ್ನು ಕೇಳಿ ಪಡೆಯುವುದಕ್ಕೆ, ಇಲ್ಲವೇ ತನ್ನ ಮಾಹಿತಿಯನ್ನು ಅದಕ್ಕೆ ಒಪ್ಪಿಸುವುದಕ್ಕೆ, ಮೊದಲೇ ಗೊತ್ತುಮಾಡಿದ ಕಟ್ಟಳೆಯನ್ನು ಎಪಿಐ ಎಂದು ಕರೆಯುತ್ತಾರೆ. ಈ ಕೊಡುಕೊಳೆಯಲ್ಲಿ ಪ್ರತಿಯೊಂದು ಅಂಶಕ್ಕೂ ಒಂದು ಬಗೆ, ಅಂದರೆ ‘ಟೈಪ್’, ಇರುತ್ತದೆ: ಇದು ಸಂಖ್ಯೆ, ಇದು ಪಠ್ಯ, ಇದು ದಿನಾಂಕ, ಇದು ಹೌದು-ಅಲ್ಲಗಳಲ್ಲಿ ಒಂದು ಎಂಬ ನಿರ್ದೇಶ. ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾದ ಕಲ್ಪನೆಯಲ್ಲ. ಬರಿಯ ಪ್ರಕೃತಿ ವಾಕ್ಯದಲ್ಲಿ ನಿಲ್ಲುವುದಿಲ್ಲ. ಪ್ರತ್ಯಯ ಹತ್ತಿದಾಗಲೇ ಅದು ಪದವಾಗಿ, ಇತರ ಪದಗಳೊಡನೆ ಸಂಬಂಧವನ್ನು ಪಡೆಯುತ್ತದೆ. ಹಾಗೆಯೇ ಬಗೆಯನ್ನು ಪಡೆಯದ ಅಂಕಿಯೊಂದನ್ನು ಏನು ಮಾಡಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ. 902 ಎಂಬುದು ವರ್ಷವೋ, ಪುಟಸಂಖ್ಯೆಯೋ, ಹಸ್ತಪ್ರತಿಯ ಕ್ರಮಾಂಕವೋ ಎಂಬುದನ್ನು ಹೇಳುವುದು ಬಗೆ ಮತ್ತು ಅದಕ್ಕೆ ಕೊಟ್ಟ ಹೆಸರು.

ಈ ಬಗೆಗಳ ಪಟ್ಟಿ ಆಕಾಶದಿಂದ ಇಳಿದುದಲ್ಲ, ಅದಕ್ಕೊಂದು ಚರಿತ್ರೆಯಿದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2001ರ ಮೇ ತಿಂಗಳಲ್ಲಿ ಅಂಗೀಕರಿಸಿದ ಎಕ್ಸ್‌ಎಂಎಲ್ ಸ್ಕೀಮಾದಲ್ಲಿ 44 ಬಗೆಗಳಿದ್ದವು. ಅವುಗಳಲ್ಲಿ 19 ಮೂಲ ಬಗೆಗಳು, 25 ಅವುಗಳಿಂದ ಸಾಧಿತವಾದವು. ಆ ದಶಕದಲ್ಲಿ ಪ್ರಚುರವಾಗಿದ್ದ ಸೋಪ್ ಎಂಬ ಸಂವಹನ ಕ್ರಮ ಈ ಬಗೆಗಳನ್ನೇ ಆಧರಿಸಿತ್ತು. ಪೂರ್ಣ ದಿನಾಂಕಕ್ಕೆ ಒಂದು ಬಗೆ, ಬರಿಯ ವರ್ಷಕ್ಕೆ ಮತ್ತೊಂದು ಬಗೆ ಅಲ್ಲಿದ್ದವು. ಆ ಬಳಿಕ ಹೆಚ್ಚು ಬಳಕೆಗೆ ಬಂದ ಜೇಸನ್ ಸರಳವಾದುದು. 2006ರಲ್ಲಿ ಅದರ ವಿವರಣೆ ಅಂತರಜಾಲ ಮಾನಕಗಳ ಸಾಲಿನಲ್ಲಿ ಪ್ರಕಟವಾಯಿತು, 2017ರಲ್ಲಿ ಪರಿಷ್ಕೃತವಾಯಿತು. ಪಠ್ಯ, ಸಂಖ್ಯೆ, ಹೌದು-ಅಲ್ಲ, ಶೂನ್ಯಮೌಲ್ಯ ಎಂಬ ನಾಲ್ಕು ಸರಳ ಬಗೆಗಳು, ಪಟ್ಟಿ ಮತ್ತು ವಸ್ತು ಎಂಬ ಎರಡು ಸಂಯುಕ್ತ ಬಗೆಗಳು. ಇಷ್ಟೇ ಅದರ ಸಂಪತ್ತು. ದಿನಾಂಕ ಎಂಬ ಬಗೆಯೇ ಅದರಲ್ಲಿಲ್ಲ. ದಿನಾಂಕವನ್ನು ಪಠ್ಯವಾಗಿ ಬರೆದು, ಅದು ದಿನಾಂಕವೆಂದು ಉಭಯಪಕ್ಷಗಳೂ ಒಪ್ಪಿಕೊಳ್ಳಬೇಕು. ಸರಳತೆಯ ಲಾಭ ದೊಡ್ಡದೇ. ಆದರೆ ಹಿಂದೆ ಮಾನಕವೇ ಹೊತ್ತಿದ್ದ ಹೊಣೆ ಈಗ ಒಪ್ಪಂದ ಬರೆಯುವವರ ಮೇಲೆ ಬಿದ್ದಿದೆ ಎಂಬುದನ್ನು ಮರೆಯಲಾಗದು.

ಬಗೆಯ ಆಯ್ಕೆ ತಪ್ಪಿದರೆ ಆಗುವ ಹಾನಿ ಸಣ್ಣ ಸಂಗತಿಗಳಲ್ಲೇ ಕಾಣುತ್ತದೆ. ಬೆಂಗಳೂರಿನ ದೂರವಾಣಿ ಸಂಕೇತ 080. ಇದನ್ನು ಸಂಖ್ಯೆಯೆಂದು ಭಾವಿಸಿದರೆ ಮುಂದಿನ ಸೊನ್ನೆಗೆ ಬೆಲೆಯಿಲ್ಲ, ಉಳಿಯುವುದು 80. ಗ್ರಂಥಾಲಯದ ಪರಿಗ್ರಹಣ ಸಂಖ್ಯೆ 0047 ಎಂದಿದ್ದರೆ ಅದಕ್ಕೂ ಇದೇ ಗತಿ. ಅವು ‘ಸಂಖ್ಯೆ’ ಎನಿಸಿಕೊಂಡರೂ ಎಣಿಕೆಗೆ ಒದಗುವಂಥವಲ್ಲ, ಹೆಸರುಗಳು. ಆದ್ದರಿಂದ ಪಠ್ಯವಾಗಿಯೇ ಸಾಗಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಎಲ್ಲವನ್ನೂ ಪಠ್ಯವೆಂದು ಕಳುಹಿಸಿದರೆ ಏನೂ ಕಳೆಯುವುದಿಲ್ಲವೆಂದು ಕೆಲವರು ಭಾವಿಸುವುದುಂಟು. ಆದರೆ ಪಠ್ಯವನ್ನು ಯಂತ್ರ ಅಕಾರಾದಿಯಂತೆ ಮೊದಲ ಚಿಹ್ನೆಯಿಂದ ಜೋಡಿಸುತ್ತದೆ; ಆಗ 9ಕ್ಕಿಂತ 1 ಮೊದಲಾದ್ದರಿಂದ 902ಕ್ಕಿಂತ 1200 ಹಿಂದೆ ಬಂದು, ಹರಿಹರ ಪಂಪನಿಗಿಂತ ಹಿರಿಯನಾಗುತ್ತಾನೆ. ‘ಹತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿಗಳು’ ಎಂಬ ಪ್ರಶ್ನೆಯನ್ನು ಅಂಥ ಸಂಗ್ರಹಕ್ಕೆ ಕೇಳುವುದೇ ಸಾಧ್ಯವಿಲ್ಲ. ಕನ್ನಡ ಅಂಕಿಗಳ ವಿಷಯವೂ ಇಲ್ಲೇ ಬರುತ್ತದೆ. ೯೦೨ ಎಂದು ಬರೆದುದು ಓದುಗನಿಗೆ ಸಂಖ್ಯೆಯೇ; ಆದರೆ ಜೇಸನ್ ಆಗಲಿ ಎಕ್ಸ್‌ಎಂಎಲ್ ಸ್ಕೀಮಾ ಆಗಲಿ ಸಂಖ್ಯೆಯ ಸ್ಥಾನದಲ್ಲಿ 0ರಿಂದ 9ರವರೆಗಿನ ಅಂಕಿಗಳನ್ನಷ್ಟೇ ಒಪ್ಪುತ್ತವೆ. ಕನ್ನಡ ಅಂಕಿ ಪಠ್ಯವಾಗಿ ಮಾತ್ರ ಒಳಗೆ ಹೋಗಬಲ್ಲದು. ಇದನ್ನು ಭಾಷೆಗೆ ಆದ ಅವಮಾನವೆಂದು ಎಣಿಸಬೇಕಾಗಿಲ್ಲ. ಸಾಗಾಟದ ರೂಪ ಬೇರೆ, ಕಾಣುವ ರೂಪ ಬೇರೆ. ಸಾಗಿಬಂದ 902ನ್ನು ತೆರೆಯ ಮೇಲೆ ೯೦೨ ಎಂದು ತೋರಿಸಲು ಯಾವ ಅಡ್ಡಿಯೂ ಇಲ್ಲ.

ಬಗೆ ಸರಿಯಾಗಿದ್ದ ಮಾತ್ರಕ್ಕೆ ಮಾಹಿತಿ ಸರಿಯಾಗಿದೆ ಎಂದೂ ಹೇಳಬರುವುದಿಲ್ಲ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧಗಳು ವಿಶ್ವವಿದ್ಯಾಲಯಗಳಲ್ಲಿ ರಾಶಿಯಾಗಿವೆ. ಅವುಗಳ ಶೀರ್ಷಿಕೆಯನ್ನು ಹಾಗೆಯೇ ಕಳುಹಿಸಿದರೆ ಅದು ನಿಯಮಬದ್ಧವಾದ ಪಠ್ಯವೆಂದು ಯಂತ್ರ ಒಪ್ಪಿಕೊಳ್ಳುತ್ತದೆ. ಆ ಫಾಂಟು ಇಲ್ಲದ ಕಡೆ ಕಾಣುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಗೋಜಲು. ಹಲ್ಮಿಡಿಯ ವಿಷಯವೂ ಇಂಥದೇ. ಕಾಲದ ಅಂಕಣಕ್ಕೆ ‘ವರ್ಷ’ ಎಂಬ ಬಗೆಯನ್ನು ಆರಿಸಿದ್ದರೆ 0450 ಎಂದು ನಾಲ್ಕು ಅಂಕಿಗಳಲ್ಲಿ ಬರೆಯಬಹುದಿತ್ತು. ಒಪ್ಪಂದ ರೂಪಿಸಿದವರು ಯೋಚಿಸದೆ ‘ದಿನಾಂಕ’ ಎಂಬ ಬಗೆಯನ್ನು ಆರಿಸಿದ್ದರೆ ತಿಂಗಳು ಮತ್ತು ದಿನ ಇಲ್ಲದ ಮಾಹಿತಿ ತಿರಸ್ಕೃತವಾಗುತ್ತದೆ. ಆಗ ಕೆಲಸ ಮುಗಿಸುವ ಅವಸರದಲ್ಲಿರುವವರು 450ನೆಯ ವರ್ಷದ ಜನವರಿ 1 ಎಂದು ತುಂಬಿಬಿಡುತ್ತಾರೆ. ಯಂತ್ರ ತೃಪ್ತಿಗೊಳ್ಳುತ್ತದೆ, ಸಂಶೋಧನೆ ಸುಳ್ಳು ಹೇಳಿದಂತಾಗುತ್ತದೆ. ಆ ಸುಳ್ಳನ್ನು ಯಾರೂ ಬೇಕೆಂದು ಹೇಳಿದುದಲ್ಲ. ಅಂಕಣದ ಆಕಾರವೇ ಅದನ್ನು ಹೇಳಿಸಿತು.

ಈ ತೊಡಕನ್ನು ಗಂಭೀರವಾಗಿ ಎದುರಿಸಿದ ಪ್ರಯತ್ನಗಳಲ್ಲಿ ವಿಕಿಡೇಟಾ ಗಮನಾರ್ಹವಾದುದು. ಬರ್ಲಿನ್‌ನಲ್ಲಿರುವ ವಿಕಿಮೀಡಿಯ ಡಾಯ್ಚ್‌ಲಾಂಡ್ ಸಂಸ್ಥೆಯ ನೇತೃತ್ವದಲ್ಲಿ 2012ರ ಅಕ್ಟೋಬರ್ 29ರಂದು ಆರಂಭವಾದ ಈ ಮುಕ್ತ ದತ್ತಸಂಚಯದಲ್ಲಿ ಕನ್ನಡ ಕವಿಗಳೂ ಕೃತಿಗಳೂ ಸ್ಥಳಗಳೂ ಸೇರಿವೆ. ಅದರ ಎಪಿಐ ಮೂಲಕ ಯಾವ ತಂತ್ರಾಂಶವಾದರೂ ಮಾಹಿತಿಯನ್ನು ಪಡೆಯಬಹುದು, ನಿಯಮಕ್ಕೊಳಪಟ್ಟು ಸೇರಿಸಲೂಬಹುದು. ಅಲ್ಲಿ ಪ್ರತಿಯೊಂದು ಗುಣಕ್ಕೂ ಗೊತ್ತಾದ ಬಗೆಯುಂಟು. ಕಾಲದ ಜಾಗಕ್ಕೆ ಬರಿಯ ಪಠ್ಯವನ್ನು ಕಳುಹಿಸಿದರೆ ಸ್ವೀಕಾರವಾಗುವುದಿಲ್ಲ. ಪಠ್ಯಕ್ಕೂ ಒಂದು ವಿಶೇಷ ಬಗೆಯಿದ್ದು, ಅದರಲ್ಲಿ ಮಾತು ಮತ್ತು ಆ ಮಾತು ಯಾವ ಭಾಷೆಯದೆಂಬ ಸಂಕೇತ ಎರಡೂ ಜೊತೆಯಾಗಿ ಸಾಗುತ್ತವೆ. ಕಾಲದ ಬಗೆ ಇನ್ನೂ ಸ್ವಾರಸ್ಯಕರವಾಗಿದೆ. ಅದರಲ್ಲಿ ವರ್ಷ-ತಿಂಗಳು-ದಿನದ ಬೆಲೆಯ ಜೊತೆಗೆ ‘ನಿಖರತೆ’ ಎಂಬ ಇನ್ನೊಂದು ಅಂಶ ಕಡ್ಡಾಯ. 11 ಎಂದರೆ ದಿನದವರೆಗೆ ತಿಳಿದಿದೆ, 9 ಎಂದರೆ ವರ್ಷದವರೆಗೆ, 8 ಎಂದರೆ ದಶಕದವರೆಗೆ, 7 ಎಂದರೆ ಶತಮಾನದವರೆಗೆ ಮಾತ್ರ. ಕಾಲ ಯಾವ ಪಂಚಾಂಗದ್ದು, ಜೂಲಿಯನ್ನೋ ಗ್ರೆಗೋರಿಯನ್ನೋ ಎಂಬುದನ್ನೂ ಹೇಳಬೇಕು. ಒಟ್ಟಿನಲ್ಲಿ ಇಲ್ಲಿ ‘ಸುಮಾರು’ ಎಂಬ ಮಾತಿಗೆ ಒಂದು ಪೀಠ ದೊರೆತಿದೆ.

ಆದರೆ ಆ ಪೀಠ ಕನ್ನಡದ ಆಕರಗಳಿಗೆ ಸಾಕೇ? ಪಂಪನ ಉದಾಹರಣೆಯನ್ನು ನೋಡಬಹುದು. ಆದಿಪುರಾಣವು ಶಕ 863ರ ಪ್ಲವ ಸಂವತ್ಸರದಲ್ಲಿ ರಚಿತವಾಯಿತೆಂದು ಕವಿಯೇ ಹೇಳಿದ್ದಾನೆ, ಅದು ಕ್ರಿ.ಶ. 941. ತಾನು ಹುಟ್ಟಿದುದು ದುಂದುಭಿ ಸಂವತ್ಸರದಲ್ಲಿ ಎಂದೂ ಹೇಳಿದ್ದಾನೆ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಬರಿಯ ಹೆಸರಿನಿಂದ ವರ್ಷ ತಿಳಿಯದು. 941ಕ್ಕೆ ಹಿಂದಿನ ದುಂದುಭಿ 902. ಅದಕ್ಕೂ ಹಿಂದಿನದು 842. ಎರಡನೆಯದನ್ನು ಹಿಡಿದರೆ ಕವಿ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಕಾವ್ಯ ಬರೆದನೆನ್ನಬೇಕಾಗುತ್ತದೆ. ಆದಕಾರಣ 902 ಎಂದು ನಿರ್ಣಯ. ಅಂದರೆ 902 ಎಂಬುದು ಆಕರದಲ್ಲಿರುವ ಮಾತಲ್ಲ, ಆಕರದಿಂದ ತರ್ಕಿಸಿ ಪಡೆದ ಫಲ. ಇಷ್ಟಲ್ಲದೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುತ್ತದೆ, ಕ್ರಿಸ್ತವರ್ಷ ಜನವರಿಯಿಂದ ಡಿಸೆಂಬರಿಗೆ. ಆದ್ದರಿಂದ ಪಂಪ 903ರ ಮೊದಲ ತಿಂಗಳುಗಳಲ್ಲಿ ಹುಟ್ಟಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ‘ವರ್ಷದವರೆಗೆ ನಿಖರ’ ಎಂದು ಗುರುತಿಸಿದ 902 ಈ ಮಟ್ಟಿಗೆ ಹೆಚ್ಚು ಹೇಳುತ್ತದೆ. ವಿಕಿಡೇಟಾದಲ್ಲಿ ಶಕಕಾಲಕ್ಕೆ ಪಂಚಾಂಗದ ಸ್ಥಾನವಿಲ್ಲ. ಪರಿವರ್ತನೆ ಹೊರಗೇ ನಡೆದು ಫಲ ಮಾತ್ರ ಒಳಗೆ ಹೋಗಬೇಕು. ಆದರೂ ಅತಿ ಮುಂಚಿನ ಕಾಲ, ಅತಿ ತಡವಾದ ಕಾಲ ಎಂಬ ಉಪನಿರ್ದೇಶಗಳನ್ನು ಜೋಡಿಸಲು, ಮೂಲದಲ್ಲಿ ಹೇಗೆ ಉಕ್ತವಾಗಿದೆ ಎಂಬುದನ್ನು ಪಠ್ಯವಾಗಿ ಸೇರಿಸಲು, ಆಧಾರವನ್ನು ಲಗತ್ತಿಸಲು ಅಲ್ಲಿ ಅವಕಾಶವಿದೆ. ಅವಕಾಶವನ್ನು ಬಳಸಿಕೊಳ್ಳಬೇಕಾದವರು ದುಂದುಭಿ ಎಂದರೇನೆಂದು ಬಲ್ಲವರು. ಬರ್ಲಿನ್‌ನ ತಂತ್ರಜ್ಞರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬಗೆಯ ವಿಚಾರದಲ್ಲಿ ಇನ್ನೂ ಸೂಕ್ಷ್ಮವಾದುದು ಇಲ್ಲದಿರುವಿಕೆಯನ್ನು ಹೇಳುವ ಕ್ರಮ. ಶಾಸನದ ಕಾಲ ನಮೂದಾಗದ ಒಂದು ಸಾಲನ್ನು ಕಲ್ಪಿಸಿಕೊಳ್ಳಬಹುದು. ಅದಕ್ಕೆ ಮೂರು ಕಾರಣಗಳಿರಬಹುದು. ಹಲ್ಮಿಡಿಯಂತೆ ಶಾಸನದಲ್ಲಿ ಕಾಲವೇ ಉಕ್ತವಾಗಿಲ್ಲದಿರಬಹುದು. ಕಾಲ ಉಕ್ತವಾಗಿದ್ದು ಕಲ್ಲು ಒಡೆದೋ ಅಕ್ಷರ ಸವೆದೋ ಓದಲು ಬಾರದಿರಬಹುದು. ಅಥವಾ ಯಾರೂ ಇನ್ನೂ ನೋಡದಿರಬಹುದು. ಮೊದಲನೆಯದು ‘ಇಲ್ಲ’, ಎರಡನೆಯದು ‘ಇದೆ, ತಿಳಿಯದು’, ಮೂರನೆಯದು ‘ಕೇಳಿಯೇ ಇಲ್ಲ’. ಸಂಶೋಧಕನಿಗೆ ಈ ಮೂರರ ಅಂತರ ಅಗಾಧವಾದುದು. ಮೊದಲನೆಯದರಲ್ಲಿ ಲಿಪಿಯ ಅಧ್ಯಯನವೇ ಗತಿ. ಎರಡನೆಯದರಲ್ಲಿ ಹಳೆಯ ಅಚ್ಚುಪ್ರತಿಯನ್ನು ಹುಡುಕಬೇಕು. ಮೂರನೆಯದರಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡಬೇಕು. ಸಾಮಾನ್ಯ ಜೇಸನ್‌ನಲ್ಲಿ ಶೂನ್ಯಮೌಲ್ಯ ಒಂದೇ; ಅಂಶವನ್ನು ಪೂರ್ತಿ ಬಿಟ್ಟುಬಿಡುವುದು ಇನ್ನೊಂದು ದಾರಿ. ಯಾವುದಕ್ಕೆ ಯಾವ ಅರ್ಥವೆಂದು ಒಪ್ಪಂದದಲ್ಲಿ ಬರೆಯದಿದ್ದರೆ ಮೂರೂ ಒಂದೇ ಆಗಿಬಿಡುತ್ತವೆ. ಕೆಲವೆಡೆ ಖಾಲಿ ಜಾಗಕ್ಕೆ ಸೊನ್ನೆ ತುಂಬುವ ಅಭ್ಯಾಸವೂ ಇದ್ದು, ‘ತಿಳಿಯದು’ ಎಂಬುದು ಸೊನ್ನೆಯ ವರ್ಷವಾಗಿ ಸರಾಸರಿಯ ಲೆಕ್ಕಕ್ಕೂ ಸೇರಿಕೊಳ್ಳುತ್ತದೆ. ವಿಕಿಡೇಟಾ ಇಲ್ಲಿ ವಿವೇಕ ತೋರಿದೆ. ‘ಬೆಲೆ ಇಲ್ಲ’ ಮತ್ತು ‘ಬೆಲೆ ಇದೆ, ತಿಳಿಯದು’ ಎಂಬವನ್ನು ಅದು ಬೇರೆಬೇರೆಯಾಗಿ ಸಾಗಿಸುತ್ತದೆ. ಹೇಳಿಕೆಯೇ ಇಲ್ಲದಿದ್ದರೆ ಯಾರೂ ಏನೂ ಹೇಳಿಲ್ಲವೆಂದಷ್ಟೇ ಅರ್ಥ. ಅಜ್ಞಾತಕರ್ತೃಕವಾದ ವಚನವೊಂದಕ್ಕೆ ಕರ್ತೃ ಇದ್ದೇ ಇದ್ದಾನೆ ಅಥವಾ ಇದ್ದಾಳೆ. ತಿಳಿಯದಿರುವುದು ಹೆಸರು ಮಾತ್ರ. ಆ ಸ್ಥಾನವನ್ನು ಖಾಲಿ ಬಿಡುವುದಕ್ಕೂ ‘ತಿಳಿಯದು’ ಎಂದು ಬರೆಯುವುದಕ್ಕೂ ಇರುವ ಭೇದ ಬದುಕಿದ್ದ ಒಬ್ಬ ವ್ಯಕ್ತಿಯನ್ನು ಒಪ್ಪಿಕೊಳ್ಳುವ ಭೇದ.

ಭಿನ್ನಾಭಿಪ್ರಾಯದ ವಿಷಯವೂ ಹೀಗೆಯೇ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಕನ್ನಡ ವಿದ್ವತ್ತಿನ ಒಂದು ಅಧ್ಯಾಯವೇ ಆಗಿದೆ. ‘ಕರ್ತೃ’ ಎಂಬ ಅಂಶಕ್ಕೆ ಒಂದೇ ಬೆಲೆಯನ್ನು ಒಪ್ಪುವ ಒಪ್ಪಂದ ಈ ಚರ್ಚೆಯನ್ನು ಅಳಿಸಿಹಾಕುತ್ತದೆ. ಪಟ್ಟಿಯನ್ನು ಒಪ್ಪುವ ಒಪ್ಪಂದ ಇಬ್ಬರನ್ನೂ ಸಹಲೇಖಕರೆಂದು ತೋರಿಸಿಬಿಡಬಹುದು. ಬೇಕಾಗಿರುವುದು ಪ್ರತಿ ಹೇಳಿಕೆಗೂ ಆಧಾರವನ್ನೂ ಅದರ ಸದ್ಯದ ಸ್ಥಾನಮಾನವನ್ನೂ ಹೊತ್ತು ಸಾಗುವ ಬಗೆ. ವಿಕಿಡೇಟಾದ ಹೇಳಿಕೆಗಳಿಗೆ ಆದ್ಯತೆಯದು, ಸಾಮಾನ್ಯ, ತಿರಸ್ಕೃತ ಎಂಬ ಮೂರು ಶ್ರೇಣಿಗಳಿವೆ. ತಿರಸ್ಕೃತವಾದುದೂ ಅಳಿಯದೆ ಉಳಿಯುತ್ತದೆ. ಗ್ರಂಥಸಂಪಾದನ ಶಾಸ್ತ್ರವನ್ನು ಓದಿದವರಿಗೆ ಇದರಲ್ಲಿ ಹೊಸತೇನಿದೆ? ಸ್ವೀಕೃತ ಪಾಠವನ್ನು ಮೇಲಿಟ್ಟು, ಪಾಠಾಂತರಗಳನ್ನು ಪ್ರತಿಗಳ ಸಂಕೇತದೊಡನೆ ಅಡಿಯಲ್ಲಿ ಕೊಡುವ ಶಿಸ್ತನ್ನು ಕನ್ನಡ ವಿಭಾಗಗಳು ತಲೆಮಾರುಗಳಿಂದ ಕಲಿಸುತ್ತ ಬಂದಿವೆ. ಅದೇ ಶಿಸ್ತು ದತ್ತಾಂಶಕ್ಕೂ ಬೇಕಾಗಿದೆ.

ಕಳುಹಿಸುವವರು ಎಚ್ಚರವಾಗಿದ್ದರೂ ಪಡೆಯುವವರು ಅಸಡ್ಡೆ ಮಾಡಿದರೆ ಶ್ರಮ ವ್ಯರ್ಥವಾಗುತ್ತದೆ. ವಿಕಿಡೇಟಾದ ಪ್ರಶ್ನಾಸೇವೆಯಲ್ಲಿ ಸರಳ ಮಾರ್ಗದಿಂದ ಕಾಲವನ್ನು ಕೇಳಿದರೆ, ವರ್ಷ ಮಾತ್ರ ತಿಳಿದ ಹೇಳಿಕೆಯೂ ಆ ವರ್ಷದ ಜನವರಿ 1 ಎಂದೇ ಕೈಗೆ ಬರುತ್ತದೆ. ನಿಖರತೆ ಬೇಕಾದರೆ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಕೇಳದವರ ಪಟ್ಟಿಯಲ್ಲಿ ಹಳಗನ್ನಡದ ಕವಿಗಳೆಲ್ಲ ಹೊಸ ವರ್ಷದ ದಿನದಂದೇ ಹುಟ್ಟುತ್ತಾರೆ. ಅಲ್ಲಿಂದ ಅದು ಶಾಲಾ ಯೋಜನೆಗಳಿಗೂ ಪ್ರಶ್ನೋತ್ತರ ಪುಸ್ತಕಗಳಿಗೂ ಕೃತಕ ಬುದ್ಧಿಮತ್ತೆಯ ಉತ್ತರಗಳಿಗೂ ಇಳಿಯುವುದು ಕಷ್ಟದ ಮಾತಲ್ಲ. ಮುದ್ರಿತ ಗ್ರಂಥದ ತಪ್ಪಿಗೆ ತಪ್ಪೊಪ್ಪಿನ ಪಟ್ಟಿಯುಂಟು; ಹೀಗೆ ಹರಡಿದ ತಪ್ಪಿನ ಬೆನ್ನು ಹತ್ತುವುದು ಸುಲಭವಲ್ಲ.

‘ಇದು ಗಣಕ ವಿಜ್ಞಾನದವರ ಕೆಲಸ, ಸಾಹಿತ್ಯ ವಿದ್ಯಾರ್ಥಿಗಳಿಗೇಕೆ’ ಎಂಬ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಅದಕ್ಕೆ ಉತ್ತರ ಕನ್ನಡ ಲಿಪಿಯ ಸಂಕೇತಪಟ್ಟಿಯಲ್ಲೇ ಇದೆ. ಯೂನಿಕೋಡ್‌ನಲ್ಲಿ ಹಳಗನ್ನಡದ ೞ ಅಕ್ಷರಕ್ಕೆ ಕೊಟ್ಟಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’. ಶಾಸನಗಳಲ್ಲಿ, ಪ್ರಾಚೀನ ಕಾವ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ, ಹಳಗನ್ನಡದ ಮೊದಲ ಪಾಠದಲ್ಲೇ ಪರಿಚಯವಾಗುವ ಅಕ್ಷರಕ್ಕೆ ಇಂಗ್ಲಿಷಿನ ಫಕಾರದ ಹೆಸರು ಅಂಟಿಕೊಂಡಿದೆ. ತಪ್ಪು ಗೊತ್ತಾಗಿದೆ, ತಿದ್ದುಪಡಿಯ ಪರ್ಯಾಯನಾಮವೊಂದನ್ನು ಜೊತೆಗೆ ಕೊಡಲಾಗಿದೆ. ಆದರೆ ಮೂಲ ಹೆಸರನ್ನು ಬದಲಾಯಿಸುವಂತಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಅವಲಂಬಿಸಿ ಜಗತ್ತಿನ ತಂತ್ರಾಂಶಗಳು ಕೆಲಸ ಮಾಡುವುದರಿಂದ ಅಕ್ಷರನಾಮಗಳು ಸ್ಥಿರವಾಗಿರಬೇಕೆಂಬುದು ಯೂನಿಕೋಡ್‌ನ ನಿಯಮ. ಎಪಿಐಗೂ ಇದೇ ಲಕ್ಷಣವಿದೆ. ಪ್ರಕಟವಾದ ಒಪ್ಪಂದವನ್ನು ಹಲವರು ನೆಚ್ಚಿಕೊಂಡ ಮೇಲೆ ಅಂಶದ ಹೆಸರನ್ನಾಗಲಿ ಬಗೆಯನ್ನಾಗಲಿ ಬದಲಾಯಿಸಿದರೆ ಅವರೆಲ್ಲರ ಕೆಲಸ ಕೆಡುತ್ತದೆ. ಹಾಗಾಗಿ ಮಾತನಾಡಬೇಕಾದ ಕಾಲ ಒಪ್ಪಂದ ರೂಪುಗೊಳ್ಳುವ ಕಾಲವೇ ಹೊರತು ಆಮೇಲಲ್ಲ. ೞಕಾರದ ಹೆಸರು ಆಮೇಲೆ ಆಡಿದ ಮಾತಿಗೆ ಎಷ್ಟು ಬೆಲೆಯೆಂಬುದಕ್ಕೆ ಶಾಶ್ವತ ಸಾಕ್ಷಿಯಾಗಿ ನಿಂತಿದೆ.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಸ್ಪಷ್ಟವಿದೆ. ಅದಕ್ಕೆ ದೊಡ್ಡ ಅನುದಾನವೂ ಬೇಕಿಲ್ಲ. ಶಾಸನ, ಹಸ್ತಪ್ರತಿ, ಗ್ರಂಥಸೂಚಿಗಳನ್ನು ಜಾಲಕ್ಕೆ ಏರಿಸುವ ಯಾವ ಯೋಜನೆಯಲ್ಲೇ ಆಗಲಿ ಅಂಶಗಳ ಪಟ್ಟಿಯನ್ನು ಮೊದಲು ವಿಷಯತಜ್ಞರು ಬರೆಯಬೇಕು. ಕಾಲದಂಥ ಪ್ರತಿಯೊಂದು ಅಂಶಕ್ಕೂ ಆಕರದಲ್ಲಿರುವ ಮಾತು, ಅದರಿಂದ ಪಡೆದ ಬೆಲೆ, ಆ ಬೆಲೆಯ ನಿಖರತೆ, ನಿರ್ಣಯದ ಆಧಾರ ಎಂಬ ನಾಲ್ಕು ಬೇರೆಬೇರೆ ಸ್ಥಾನಗಳಿರಬೇಕು. ಮೊದಲನೆಯದು ಪಠ್ಯವಾಗಿ ಮೂಲದಂತೆಯೇ ಉಳಿಯಲಿ. ಎರಡನೆಯದು ಯಂತ್ರ ಬಳಸಬಲ್ಲ ಬಗೆಯನ್ನು ತಾಳಲಿ. ‘ಇಲ್ಲ’, ‘ತಿಳಿಯದು’, ‘ನೋಡಿಲ್ಲ’ ಎಂಬ ಮೂರಕ್ಕೆ ಮೂರು ಗುರುತುಗಳನ್ನು ಆರಂಭದಲ್ಲೇ ಗೊತ್ತುಪಡಿಸಬೇಕು. ಗ್ರಂಥಸಂಪಾದನೆಯ ಪಾಠಕ್ರಮದಲ್ಲಿ ಇದಕ್ಕೊಂದು ಘಟಕವನ್ನು ಸೇರಿಸಿದರೆ ವಿದ್ಯಾರ್ಥಿಗಳು ಸಂಕೇತ ಬರೆಯುವುದನ್ನು ಕಲಿಯದಿದ್ದರೂ ಒಪ್ಪಂದವನ್ನು ಓದಿ ಪ್ರಶ್ನಿಸುವುದನ್ನು ಕಲಿತಾರು.

ಸಂಶೋಧನೆಯ ಪ್ರಾಮಾಣಿಕತೆ ತಿಳಿದುದನ್ನು ಹೇಳುವುದರಲ್ಲಿರುವಷ್ಟೇ ತಿಳಿಯದುದನ್ನು ತಿಳಿಯದೆಂದು ಹೇಳುವುದರಲ್ಲೂ ಇದೆ. ಹಿಂದಿನ ವಿದ್ವಾಂಸರು ಒಂದು ಪ್ರಶ್ನಾರ್ಥಕ ಚಿಹ್ನೆಯಿಂದ, ಆವರಣದೊಳಗಿನ ಒಂದು ‘ಸು.’ ಎಂಬ ಅಕ್ಷರದಿಂದ ಆ ಪ್ರಾಮಾಣಿಕತೆಯನ್ನು ಕಾಯ್ದುಕೊಂಡು ಬಂದರು. ಆ ಚಿಹ್ನೆಗಳಿಗೆ ಯಂತ್ರಗಳ ನಡುವಿನ ಮಾತುಕತೆಯಲ್ಲೂ ಒಂದು ಸ್ಥಾನವನ್ನು ದೊರಕಿಸಿಕೊಡುವುದು ಇಂದಿನ ಕನ್ನಡ ಸಂಶೋಧಕರ ಪಾಲಿಗೆ ಬಂದಿರುವ ಕೆಲಸ. ಅದನ್ನು ಅವರು ಮಾಡದಿದ್ದರೆ ಬೇರೆ ಯಾರೋ, ಕನ್ನಡವನ್ನು ಅರಿಯದೆ, ತಮಗೆ ತೋಚಿದಂತೆ ಮಾಡಿ ಮುಗಿಸುತ್ತಾರೆ.